ಕುದುರೆಮುಖ ಗಣಿಪಟ್ಟಣ ಮತ್ತು ಅಲ್ಲಿಗೆ ಹೋಗುವ ಘಟ್ಟದ ದಾರಿಗಳು

ಕುದುರೆಮುಖವು ಕರ್ನಾಟಕ ರಾಜ್ಯದ ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮ ಅಂಚಿನಲ್ಲಿ, ಸಹ್ಯಾದ್ರಿಯ ನಡುವೆ ಇರುವ ಒಂದು ಪಟ್ಟಣ. ಇದೇ ಹೆಸರು ಸಮೀಪದ ಶಿಖರಕ್ಕೂ ರಾಷ್ಟ್ರೀಯ ಉದ್ಯಾನಕ್ಕೂ ಇದೆ. ಕಬ್ಬಿಣದ ಅದಿರಿನ ಗಣಿಗಾರಿಕೆಗಾಗಿ 1970ರ ದಶಕದ ಕೊನೆಯಲ್ಲಿ ಈ ಪಟ್ಟಣವನ್ನು ಕಟ್ಟಲಾಯಿತು. 2005ರ ಡಿಸೆಂಬರ್ 31ರಂದು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಗಣಿಗಾರಿಕೆ ನಿಂತಿತು. ಅಂದಿನಿಂದ ಇದು ಹೆಚ್ಚಾಗಿ ಪ್ರವಾಸಿಗರು ಹಾದುಹೋಗುವ ಊರಾಗಿ ಉಳಿದಿದೆ. ಕಾರ್ಕಳ, ಶೃಂಗೇರಿ ಮತ್ತು ಕಳಸದ ಕಡೆಯಿಂದ ಇಲ್ಲಿಗೆ ಬರುವ ಮೂರು ಘಟ್ಟದ ದಾರಿಗಳು ಕರ್ನಾಟಕದ ಅತ್ಯಂತ ಸುಂದರ ರಸ್ತೆಗಳ ಸಾಲಿಗೆ ಸೇರುತ್ತವೆ. ಈ ದಾರಿಗಳ ಬಹುಭಾಗ ಸಂರಕ್ಷಿತ ಅರಣ್ಯದೊಳಗೇ ಇದೆ.

ಹೆಸರು

ಪಶ್ಚಿಮದ ಕಡೆಯಿಂದ ನೋಡಿದಾಗ ಶಿಖರವು ಕುದುರೆಯ ಮುಖದಂತೆ ಕಾಣುವುದರಿಂದ ಈ ಹೆಸರು ಬಂದಿದೆ. ಸುಮಾರು 1,890 ಮೀ. ಎತ್ತರದ ಈ ಶಿಖರವು ಅರಬ್ಬಿ ಸಮುದ್ರದಲ್ಲಿ ಸಾಗುವ ನಾವಿಕರಿಗೆ ದಿಕ್ಕಿನ ಗುರುತಾಗಿತ್ತು. ಸಂಸೆಯ ಕಡೆಯಿಂದ ಹತ್ತಬೇಕಾಗಿದ್ದುದರಿಂದ ಹಿಂದೆ ಇದನ್ನು ಸಂಸೆಪರ್ವತ ಎಂದೂ ಕರೆಯುತ್ತಿದ್ದರು. ಪಟ್ಟಣ ನಿಂತಿರುವ ಜಾಗದ ಹಳೆಯ ಹೆಸರು ಮಲ್ಲೇಶ್ವರ. ಗಣಿ ಬರುವ ಮೊದಲು ಅದು ಕಾಡಿನ ನಡುವಿನ ಸಣ್ಣ ಹಳ್ಳಿಯಾಗಿತ್ತು. ಬೆಂಗಳೂರಿನ ಮಲ್ಲೇಶ್ವರದೊಂದಿಗೆ ಇದಕ್ಕೆ ಸಂಬಂಧವಿಲ್ಲ.

ಮೂರು ದಾರಿಗಳು

ಕುದುರೆಮುಖದ ದಾರಿಗಳನ್ನು ಅರ್ಥಮಾಡಿಕೊಳ್ಳಲು ಅಲ್ಲಿನ ಹೊಳೆಗಳಿಂದ ಆರಂಭಿಸುವುದು ಸುಲಭ. ಪಟ್ಟಣದ ಸಮೀಪದ ಗಂಗಾಮೂಲವು ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳ ಉಗಮಸ್ಥಾನ. ಮೊದಲ ಎರಡು ನದಿಗಳು ಪೂರ್ವದತ್ತ ಹರಿದು ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಒಂದಾಗುತ್ತವೆ. ನೇತ್ರಾವತಿಯು ಪಶ್ಚಿಮಕ್ಕೆ ಇಳಿದು ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಶೃಂಗೇರಿಯ ದಾರಿ ತುಂಗೆಯ ಜಾಡನ್ನೂ, ಕಳಸದ ದಾರಿ ಭದ್ರೆಯ ಜಾಡನ್ನೂ ಹಿಡಿದು ಮೇಲೇರುತ್ತವೆ. ಕಾರ್ಕಳದ ದಾರಿಯದು ಕರಾವಳಿಯಿಂದ ನೇರವಾಗಿ ಘಟ್ಟ ಹತ್ತುವ ದಾರಿ.

ಕಾರ್ಕಳದಿಂದ ಹೊರಟರೆ ಮೊದಲು ಬಜಗೋಳಿ ಸಿಗುತ್ತದೆ. ಅಲ್ಲಿ ನಾರಾವಿ ಮತ್ತು ಧರ್ಮಸ್ಥಳದ ಕಡೆಗೆ ಹೋಗುವ ರಸ್ತೆ ಕವಲೊಡೆಯುತ್ತದೆ. ಮುಂದೆ ಮಾಳ ಗ್ರಾಮದವರೆಗೆ ಅಡಿಕೆ ತೋಟಗಳೂ ಗದ್ದೆಗಳೂ ಜೊತೆಗಿರುತ್ತವೆ. ಮಾಳದ ಚೆಕ್‌ಪೋಸ್ಟ್ ದಾಟುತ್ತಲೇ ನಿತ್ಯಹರಿದ್ವರ್ಣದ ಕಾಡು ರಸ್ತೆಯ ಎರಡೂ ಬದಿಯನ್ನು ಮುಚ್ಚುತ್ತದೆ. ಏರು ಕಡಿದಾಗಿದ್ದು, ತಿರುವುಗಳು ಒಂದರ ಹಿಂದೊಂದು ಬರುತ್ತವೆ. ಹಗಲಿನಲ್ಲಿಯೂ ಬೆಳಕು ಕಡಿಮೆ. ಘಟ್ಟದ ತುದಿಯಲ್ಲಿ ಎಸ್.ಕೆ. ಬಾರ್ಡರ್ ಎಂಬ ಕೂಡುದಾರಿ ಇದೆ. ಎಡಕ್ಕೆ ತಿರುಗಿದರೆ ಕೆರೆಕಟ್ಟೆಯ ಮೂಲಕ ಶೃಂಗೇರಿ, ಬಲಕ್ಕೆ ತಿರುಗಿದರೆ ಕುದುರೆಮುಖ.

ಎಸ್.ಕೆ. ಬಾರ್ಡರ್ ಎಂಬ ಹೆಸರಿಗೂ ಒಂದು ಇತಿಹಾಸವಿದೆ. ಎಸ್.ಕೆ. ಎಂದರೆ ಸೌತ್ ಕೆನರಾ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡವು ಮದ್ರಾಸ್ ರಾಜ್ಯದಲ್ಲಿತ್ತು, ಘಟ್ಟದ ಮೇಲಿನ ಪ್ರದೇಶವು ಮೈಸೂರು ರಾಜ್ಯದಲ್ಲಿತ್ತು. ಹೀಗಾಗಿ ಇದು ಎರಡು ರಾಜ್ಯಗಳ ನಡುವಿನ ಗಡಿಯಾಗಿತ್ತು. ರಾಜ್ಯಗಳು ಒಂದಾದವು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಗಿ ಕಾರ್ಕಳ ಅದಕ್ಕೆ ಸೇರಿತು. ಆದರೂ ಬಸ್ಸಿನ ನಿರ್ವಾಹಕರ ಬಾಯಲ್ಲಿ ಹಳೆಯ ಗಡಿಯ ಹೆಸರೇ ಉಳಿದಿದೆ.

ಶೃಂಗೇರಿಯ ದಾರಿ ನೆಮ್ಮಾರು, ತನಿಕೋಡು ಮತ್ತು ಕೆರೆಕಟ್ಟೆಯನ್ನು ಹಾದು ಎಸ್.ಕೆ. ಬಾರ್ಡರ್ ಸೇರುತ್ತದೆ. ಶಿವಮೊಗ್ಗ ಮತ್ತು ಮಂಗಳೂರನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 169ರ ಭಾಗ ಇದು. ಹೆದ್ದಾರಿ ಎಂಬ ಹೆಸರಿದ್ದರೂ ಕಾಡಿನೊಳಗೆ ರಸ್ತೆ ಕಿರಿದಾಗಿದೆ. ಎದುರಿನಿಂದ ಬಸ್ಸು ಬಂದರೆ ಒಂದು ವಾಹನ ಬದಿಗೆ ಸರಿದು ನಿಲ್ಲಬೇಕಾದ ಜಾಗಗಳಿವೆ. ಈ ರಸ್ತೆಯನ್ನು ಅಗಲಗೊಳಿಸಬೇಕೆಂಬ ಬೇಡಿಕೆ ಒಂದು ಕಡೆ, ಅಗಲಗೊಳಿಸಿದಷ್ಟೂ ವನ್ಯಜೀವಿಗಳ ಸಂಚಾರಕ್ಕೆ ತಡೆಯಾಗುತ್ತದೆ ಎಂಬ ಆತಂಕ ಇನ್ನೊಂದು ಕಡೆ. ಮರದ ತುದಿಗಳಲ್ಲಿಯೇ ಬದುಕುವ ಸಿಂಗಳೀಕಕ್ಕೆ ರಸ್ತೆಯ ಮೇಲಿನ ಕೊಂಬೆಗಳ ಚಪ್ಪರ ತುಂಡಾದರೆ ದಾಟಲು ದಾರಿಯೇ ಇರುವುದಿಲ್ಲ.

ಎಸ್.ಕೆ. ಬಾರ್ಡರ್‌ನಿಂದ ಕುದುರೆಮುಖ ಪಟ್ಟಣದವರೆಗಿನ ಸುಮಾರು 20 ಕಿ.ಮೀ ದಾರಿಯು ಪ್ರಯಾಣದ ಅತ್ಯುತ್ತಮ ಭಾಗ. ಇಲ್ಲಿ ಕಾಡು ಸರಿದು ಹುಲ್ಲುಗಾವಲಿನ ಗುಡ್ಡಗಳು ತೆರೆದುಕೊಳ್ಳುತ್ತವೆ. ಗುಡ್ಡದ ಮೈಯೆಲ್ಲ ಹುಲ್ಲು, ಕಣಿವೆಯ ಮಡಿಲಲ್ಲಿ ಮಾತ್ರ ದಟ್ಟ ಮರ. ಇದನ್ನು ಶೋಲಾ ಎಂದು ಕರೆಯಲಾಗುತ್ತದೆ. ಮಳೆಗಾಲದಲ್ಲಿ ಹುಲ್ಲು ಸ್ಪಂಜಿನಂತೆ ನೀರನ್ನು ಹೀರಿಕೊಂಡು, ಬೇಸಿಗೆಯವರೆಗೂ ಸ್ವಲ್ಪ ಸ್ವಲ್ಪವಾಗಿ ತೊರೆಗಳಿಗೆ ಬಿಡುತ್ತದೆ. ಮೂರು ನದಿಗಳು ಒಂದೇ ಕಡೆ ಹುಟ್ಟುವುದರ ಗುಟ್ಟು ಇದೇ ಎನ್ನಬಹುದು. ದಾರಿಯಲ್ಲಿ ಹನುಮಾನ್ ಗುಂಡಿ ಜಲಪಾತವಿದೆ. ಸ್ಥಳೀಯರು ಇದನ್ನು ಸೂತನಬ್ಬಿ ಎನ್ನುತ್ತಾರೆ. ಮೆಟ್ಟಿಲು ಇಳಿದು ಇದನ್ನು ನೋಡಬೇಕು. ಕಡಾಂಬಿ ಜಲಪಾತವು ರಸ್ತೆಯ ಪಕ್ಕದಲ್ಲಿಯೇ ಇದ್ದು, ವಾಹನದಿಂದಲೇ ಕಾಣುತ್ತದೆ. ಅರಣ್ಯ ಇಲಾಖೆಯ ಭಗವತಿ ಪ್ರಕೃತಿ ಶಿಬಿರವೂ ಈ ದಾರಿಯಲ್ಲೇ ಇದೆ.

ಬೆಂಗಳೂರಿನ ಕಡೆಯಿಂದ ಬರುವವರಿಗೆ ಕಳಸದ ದಾರಿ ಅನುಕೂಲ. ನೆಲಮಂಗಲ, ಕುಣಿಗಲ್, ಹಾಸನ, ಬೇಲೂರು, ಮೂಡಿಗೆರೆ ಮತ್ತು ಕೊಟ್ಟಿಗೆಹಾರದ ಮೂಲಕ ಕಳಸ ತಲುಪಬಹುದು. ಚಿಕ್ಕಮಗಳೂರಿನಿಂದ ಬಾಳೆಹೊನ್ನೂರು, ಮಾಗುಂಡಿಯ ಮೂಲಕವೂ ಬರಬಹುದು. ಕಳಸದ ಕಲಶೇಶ್ವರ ಮತ್ತು ಹೊರನಾಡಿನ ಅನ್ನಪೂರ್ಣೇಶ್ವರಿ ದೇವಾಲಯಗಳಿಗೆ ಬರುವ ಯಾತ್ರಿಕರಲ್ಲಿ ಅನೇಕರು ಕುದುರೆಮುಖದ ಮೇಲೆಯೇ ಕರಾವಳಿಗೆ ಇಳಿಯುತ್ತಾರೆ. ಕಳಸದಿಂದ ಕುದುರೆಮುಖದವರೆಗೆ ಕಾಫಿ ತೋಟಗಳು ಮುಗಿದು ಸಂಸೆಯ ಚಹಾ ತೋಟಗಳು ಆರಂಭವಾಗುತ್ತವೆ. ಅನಂತರ ಬಸ್ರಿಕಲ್ಲು ಚೆಕ್‌ಪೋಸ್ಟ್, ಅದರಾಚೆ ಕಾಡು. ಘಟ್ಟದ ಕಾಡು, ಹುಲ್ಲುಗಾವಲು, ಚಹಾ, ಕಾಫಿ ಇವೆಲ್ಲವನ್ನೂ ಎರಡು-ಮೂರು ಗಂಟೆಯ ಪ್ರಯಾಣದಲ್ಲಿ ತೋರಿಸುವ ರಸ್ತೆ ರಾಜ್ಯದಲ್ಲಿ ಹೆಚ್ಚಿಲ್ಲ.

ಅದಿರಿನ ಶೋಧ ಮತ್ತು ಇರಾನಿನ ಒಪ್ಪಂದ

ಇಲ್ಲಿನ ಕಬ್ಬಿಣದ ಅದಿರನ್ನು 1913ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್ ಗುರುತಿಸಿದರು. ಆದರೆ ಇದು ಸಂಡೂರು ಅಥವಾ ಬಳ್ಳಾರಿಯ ಅದಿರಿನಂತೆ ಅಗೆದು ನೇರವಾಗಿ ಸಾಗಿಸಬಹುದಾದ ಉತ್ತಮ ದರ್ಜೆಯ ಅದಿರಲ್ಲ. ಮ್ಯಾಗ್ನೆಟೈಟ್ ಎಂಬ, ಅಯಸ್ಕಾಂತಕ್ಕೆ ಅಂಟುವ ಖನಿಜವು ಬೆಣಚುಕಲ್ಲಿನೊಂದಿಗೆ ಬೆರೆತಿದೆ. ಪುಡಿ ಮಾಡಿ ಬೇರ್ಪಡಿಸಿದ ಹೊರತು ಪ್ರಯೋಜನವಿಲ್ಲ. ಅದಕ್ಕೆ ಬೇಕಾದ ಭಾರೀ ಬಂಡವಾಳ ಒದಗಿದ್ದು ಆರು ದಶಕಗಳ ನಂತರ.

1975ರಲ್ಲಿ ಭಾರತ ಮತ್ತು ಇರಾನ್ ನಡುವೆ ಒಪ್ಪಂದವಾಯಿತು. ಇರಾನ್ 63 ಕೋಟಿ ಡಾಲರ್ ಸಾಲ ನೀಡುವುದು, ಪ್ರತಿಯಾಗಿ ಇಲ್ಲಿನ ಸಂಸ್ಕರಿಸಿದ ಅದಿರನ್ನು ಕೊಳ್ಳುವುದು ಎಂಬುದು ಅದರ ತಿರುಳು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. ಈಗ ಇದನ್ನು ಕೆ.ಐ.ಒ.ಸಿ.ಎಲ್. ಎಂದು ಕರೆಯಲಾಗುತ್ತದೆ. ಇದು ಕೇಂದ್ರ ಸರ್ಕಾರದ ಉಕ್ಕು ಸಚಿವಾಲಯದ ಅಧೀನದಲ್ಲಿದ್ದು, ಇದರ ಪ್ರಧಾನ ಕಚೇರಿ ಬೆಂಗಳೂರಿನ ಕೋರಮಂಗಲದಲ್ಲಿದೆ. ವರ್ಷಕ್ಕೆ 75 ಲಕ್ಷ ಟನ್ ಸಾರೀಕೃತ ಅದಿರು ತಯಾರಿಸುವ ಸಾಮರ್ಥ್ಯದ ಈ ಯೋಜನೆಯನ್ನು 1980ರ ವೇಳೆಗೆ, ಅಂದರೆ ಐದು ವರ್ಷಗಳೊಳಗೆ ಮುಗಿಸಲಾಯಿತು. ಅಷ್ಟರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ಆಡಳಿತ ಉರುಳಿತ್ತು. ಸಾಲದ ಉಳಿದ ಕಂತುಗಳು ಬರಲಿಲ್ಲ. ಅದಿರನ್ನು ಕೊಳ್ಳುವವರೂ ಇಲ್ಲವಾದರು. ಒಬ್ಬನೇ ಗಿರಾಕಿಯನ್ನು ನಂಬಿ ಕಟ್ಟಿದ ಗಣಿಯು ಬಾಗಿಲು ತೆರೆಯುವ ಹೊತ್ತಿಗೆ ಆ ಗಿರಾಕಿಯನ್ನೇ ಕಳೆದುಕೊಂಡಿತ್ತು. ಕಂಪನಿಯು ಬೇರೆ ದೇಶಗಳ ಮಾರುಕಟ್ಟೆಯನ್ನು ಹುಡುಕಿಕೊಂಡಿತು. 1987ರಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ಅದಿರಿನ ಪುಡಿಯನ್ನು ಉಂಡೆಗಳನ್ನಾಗಿ ಮಾಡುವ ಪೆಲೆಟ್ ಕಾರ್ಖಾನೆಯನ್ನು ಆರಂಭಿಸಿತು.

ಘಟ್ಟ ಇಳಿದ ಅದಿರು

ಈ ಗಣಿಯ ವಿಶೇಷವೆಂದರೆ ಅದಿರು ರಸ್ತೆಯ ಮೇಲೆ ಸಾಗಲೇ ಇಲ್ಲ. ಬಯಲುಗಣಿಯಲ್ಲಿ ಅಗೆದ ಕಲ್ಲನ್ನು ಪುಡಿಮಾಡಿ, ಅಯಸ್ಕಾಂತದ ಯಂತ್ರಗಳಿಂದ ಕಬ್ಬಿಣದ ಅಂಶವನ್ನು ಬೇರ್ಪಡಿಸಲಾಗುತ್ತಿತ್ತು. ಅದನ್ನು ನೀರಿನೊಂದಿಗೆ ಕಲಸಿ ಸ್ಲರಿ ಎಂಬ ಗಟ್ಟಿ ರಾಡಿಯನ್ನಾಗಿ ಮಾಡಿ, 67 ಕಿ.ಮೀ ಉದ್ದದ ಉಕ್ಕಿನ ಕೊಳವೆಯಲ್ಲಿ ಪಣಂಬೂರಿಗೆ ಹರಿಬಿಡುತ್ತಿದ್ದರು. ಅಲ್ಲಿ ನೀರನ್ನು ಸೋಸಿ ತೆಗೆದು ಹಡಗಿಗೆ ತುಂಬುತ್ತಿದ್ದರು. ಘಟ್ಟದ ಇಳಿಜಾರೇ ಅದಿರನ್ನು ಕಡಲಿನತ್ತ ಒಯ್ಯಲು ನೆರವಾಗುತ್ತಿತ್ತು.

ಹೀಗಾಗಿ ಸಂಡೂರು ಮತ್ತು ಹೊಸಪೇಟೆಯ ರಸ್ತೆಗಳಲ್ಲಿ ಲಾರಿಗಳ ಸಾಲಿನಿಂದ ಎದ್ದ ಕೆಂಪು ಧೂಳನ್ನು ಕುದುರೆಮುಖದ ದಾರಿಗಳು ಕಾಣಲಿಲ್ಲ. ಹಾನಿ ಇಲ್ಲಿ ಗಾಳಿಯಲ್ಲಿ ಕಾಣದೆ, ನೀರಿನಲ್ಲಿ ಕಂಡಿತು.

ಹೊಳೆ ಮತ್ತು ಹೂಳು

ಕಬ್ಬಿಣವನ್ನು ಬೇರ್ಪಡಿಸಿದ ಮೇಲೆ ಉಳಿಯುವ ಕಲ್ಲಿನ ಪುಡಿಯ ರಾಶಿ ಅಪಾರ. ಅದನ್ನು ತಡೆದು ನಿಲ್ಲಿಸಲು ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಸುಮಾರು 100 ಮೀ. ಎತ್ತರದ ಅಣೆಕಟ್ಟನ್ನು ಕಟ್ಟಲಾಯಿತು. ಪ್ರವಾಸಿಗರು ಇದನ್ನು ಸಾಮಾನ್ಯ ಜಲಾಶಯವೆಂದು ಭಾವಿಸುವುದುಂಟು. ವಾಸ್ತವವಾಗಿ ಇದು ನೀರಾವರಿಗೂ ವಿದ್ಯುತ್ತಿಗೂ ಕಟ್ಟಿದ್ದಲ್ಲ, ಗಣಿತ್ಯಾಜ್ಯವನ್ನು ಹಿಡಿದಿಡಲು ಕಟ್ಟಿದ್ದು. ಗಣಿ ಮುಚ್ಚಿದರೂ ಆ ತ್ಯಾಜ್ಯ ಅಲ್ಲಿಯೇ ಇದೆ. ಆದ್ದರಿಂದ ಅಣೆಕಟ್ಟಿನ ಭದ್ರತೆ ಇಂದಿಗೂ ಮುಖ್ಯವಾದ ವಿಷಯ.

ಲಕ್ಯಾ ಅಣೆಕಟ್ಟು ತ್ಯಾಜ್ಯವನ್ನು ತಡೆಯಿತೇ ಹೊರತು, ಅಗೆದ ಗುಡ್ಡಗಳ ಮೈಯಿಂದ ಮಳೆಯಲ್ಲಿ ಕೊಚ್ಚಿಹೋಗುವ ಮಣ್ಣನ್ನಲ್ಲ. ಈ ಪ್ರದೇಶವು ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಭಾಗಗಳಲ್ಲಿ ಒಂದು. ಹುಲ್ಲಿನ ಹೊದಿಕೆ ಹೋದ ಬೋಳು ಗುಡ್ಡದ ಮೇಲೆ ಅಂತಹ ಮಳೆ ಸುರಿದರೆ ಆಗುವುದನ್ನು ಊಹಿಸಬಹುದು. ಭದ್ರೆಯ ನೀರು ಕೆಂಪಾಗಿ ಹರಿಯುತ್ತಿದ್ದುದನ್ನು ಕಳಸದ ಸುತ್ತಲಿನ ಜನ ವರ್ಷವರ್ಷವೂ ಕಂಡಿದ್ದಾರೆ. ಭದ್ರೆಯಲ್ಲಿನ ಹೂಳನ್ನು ಅಳೆದು ನೋಡಿದ ವಿಜ್ಞಾನಿಗಳು, ಗಣಿ ಪ್ರದೇಶವು ತನ್ನ ವಿಸ್ತೀರ್ಣಕ್ಕೆ ಹೋಲಿಸಿದರೆ ಬಹಳ ಹೆಚ್ಚು ಹೂಳನ್ನು ನದಿಗೆ ಸೇರಿಸುತ್ತಿದೆ ಎಂದು ತೋರಿಸಿದರು. ಕೆಳಗೆ ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯವಿದೆ. ಶಿವಮೊಗ್ಗ ಮತ್ತು ದಾವಣಗೆರೆ ಕಡೆಯ ಭತ್ತ, ಕಬ್ಬು ಮತ್ತು ಅಡಿಕೆಯ ಬೆಳೆಗಾರರು ಅದರ ನಾಲೆಗಳನ್ನೇ ನಂಬಿದ್ದಾರೆ. ಕುದುರೆಮುಖದ ಪ್ರಶ್ನೆಯು ಕೇವಲ ಕಾಡುಪ್ರಾಣಿಗಳ ಪ್ರಶ್ನೆಯಾಗಿರಲಿಲ್ಲ ಎಂಬುದಕ್ಕೆ ಇದೇ ಕಾರಣ.

ಭದ್ರೆಯ ಪ್ರವಾಹದಲ್ಲಿ ಕಳಸ–ಹೊರನಾಡು ನಡುವಿನ ಹಳೆಯ ಹೆಬ್ಬಾಳೆ ಸೇತುವೆ ಮುಳುಗುವುದು ಆ ಭಾಗದ ಮಳೆಗಾಲದ ಪರಿಚಿತ ಸುದ್ದಿ. ಕುದುರೆಮುಖದ ಗುಡ್ಡಗಳಲ್ಲಿ ಮಳೆ ಜೋರಾದರೆ ಕಳಸದಲ್ಲಿ ಮಳೆಯಿಲ್ಲದಿದ್ದರೂ ಸೇತುವೆಯ ಮೇಲೆ ನೀರು ಬರಬಹುದು.

ರಾಷ್ಟ್ರೀಯ ಉದ್ಯಾನ ಮತ್ತು ನ್ಯಾಯಾಲಯದ ತೀರ್ಪು

1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ಈ ಭಾಗದಲ್ಲಿ ಸಿಂಗಳೀಕಗಳ ಸಮೀಕ್ಷೆ ನಡೆಸಿದರು. ಸಿಂಗಳೀಕವು ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಕೋತಿ. 1987ರಲ್ಲಿ ಸುಮಾರು 600 ಚ.ಕಿ.ಮೀ ವಿಸ್ತೀರ್ಣದ ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು ಘೋಷಿಸಲಾಯಿತು. ಇದರಿಂದ ಒಂದು ವಿಚಿತ್ರ ಸ್ಥಿತಿ ಉಂಟಾಯಿತು. ಉದ್ಯಾನದ ನಟ್ಟನಡುವೆಯೇ ದೇಶದ ದೊಡ್ಡ ಗಣಿಗಳಲ್ಲೊಂದು ನಡೆಯುತ್ತಿತ್ತು.

1969ರಲ್ಲಿ ನೀಡಿದ್ದ 30 ವರ್ಷಗಳ ಗಣಿ ಗುತ್ತಿಗೆಯು 1999ರಲ್ಲಿ ಮುಗಿಯಿತು. ಬಳಿಕ ತಾತ್ಕಾಲಿಕ ಅನುಮತಿಗಳ ಮೇಲೆ ಕೆಲಸ ಮುಂದುವರಿಯಿತು. ಗುತ್ತಿಗೆಯನ್ನು ನವೀಕರಿಸಬಾರದೆಂದು ಪರಿಸರ ಸಂಘಟನೆಗಳೂ ನದಿಪಾತ್ರದ ರೈತರೂ ಒತ್ತಾಯಿಸಿದರು. ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿ ಹೆಸರಾಗಿದ್ದ ಕೆ.ಎಂ. ಚಿಣ್ಣಪ್ಪ ಅವರು ಸರ್ವೋಚ್ಚ ನ್ಯಾಯಾಲಯದ ಮೊರೆ ಹೋದರು. ಗೋದಾವರ್ಮನ್ ಅರಣ್ಯ ಪ್ರಕರಣದ ಭಾಗವಾಗಿ ವಿಚಾರಣೆ ನಡೆದು, 2002ರ ಅಕ್ಟೋಬರ್ 30ರಂದು ತೀರ್ಪು ಬಂದಿತು. ಈಗಾಗಲೇ ಅಗೆದಿರುವ ಪ್ರದೇಶದಲ್ಲಿ 2005ರ ಕೊನೆಯವರೆಗೆ ಮಾತ್ರ ಗಣಿಗಾರಿಕೆ, ಆಮೇಲೆ ಇಲ್ಲ ಎಂಬುದು ಅದರ ಸಾರ.

ಕರ್ನಾಟಕವು ಐದು ವರ್ಷಗಳ ಅಂತರದಲ್ಲಿ ಎರಡು ಗಣಿಪಟ್ಟಣಗಳ ಕೆಲಸ ನಿಲ್ಲುವುದನ್ನು ಕಂಡಿತು. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ್ದು ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿದ್ದರಿಂದ. ಕುದುರೆಮುಖದ ಕಥೆ ಬೇರೆ. ಇಲ್ಲಿ ಅದಿರು ನೆಲದಲ್ಲಿ ಇನ್ನೂ ಇದೆ. ಅದನ್ನು ಅಲ್ಲಿಯೇ ಬಿಡಬೇಕೆಂದು ನ್ಯಾಯಾಲಯ ತೀರ್ಮಾನಿಸಿತು. ಭಾರತದಲ್ಲಿ ಅರಣ್ಯ ಮತ್ತು ನದಿಯ ಕಾರಣಕ್ಕಾಗಿ ಇಷ್ಟು ದೊಡ್ಡ ಸರ್ಕಾರಿ ಗಣಿಯನ್ನು ಮುಚ್ಚಿದ ಉದಾಹರಣೆಗಳು ವಿರಳ.

ಉಳಿದ ಊರು

2001ರ ಜನಗಣತಿಯ ವೇಳೆ ಪಟ್ಟಣದಲ್ಲಿ ಸುಮಾರು 8,000 ಜನರಿದ್ದರು. ದೇಶದ ನಾನಾ ಭಾಗಗಳಿಂದ ಬಂದ ಎಂಜಿನಿಯರುಗಳೂ ಕಾರ್ಮಿಕರೂ ಇಲ್ಲಿದ್ದರು. ಸಾಲು ಮನೆಗಳು, ಶಾಲೆ, ಆಸ್ಪತ್ರೆ, ಬ್ಯಾಂಕು, ಆಟದ ಮೈದಾನ ಎಲ್ಲವೂ ಕಂಪನಿಯದೇ ವ್ಯವಸ್ಥೆ. ಗಣಿ ನಿಂತ ಮೇಲೆ ನೌಕರರು ಬೇರೆಡೆಗೆ ವರ್ಗವಾದರು, ಇಲ್ಲವೇ ನಿವೃತ್ತರಾಗಿ ಹೋದರು. ಇಂದು ಪಟ್ಟಣದ ಮೂಲಕ ಹಾದುಹೋಗುವವರಿಗೆ ಬೀಗ ಹಾಕಿದ, ಪಾಚಿಗಟ್ಟಿದ ಮನೆಗಳ ಸಾಲುಗಳೂ, ಗಿಡಗಂಟಿ ಹಬ್ಬಿದ ಯಂತ್ರಾಗಾರವೂ ಕಾಣುತ್ತವೆ. ಕೆಲವು ಮನೆಗಳಲ್ಲಿ ಮಾತ್ರ ಜನವಾಸವಿದೆ. ಕಂಪನಿಯ ಸಹ್ಯಾದ್ರಿ ಭವನ ಅತಿಥಿಗೃಹವೂ ಊರಿನಲ್ಲಿದೆ. ಇಲ್ಲಿ ಹುಟ್ಟಿ ಬೆಳೆದವರಿಗೆ ಇದು ತವರು. ಆದರೆ ಸ್ವಂತ ಮನೆ, ಜಮೀನುಗಳಿಲ್ಲದ ಕಾರಣ ಹಿಂದಿರುಗಿ ನೆಲೆಸುವ ಅವಕಾಶ ಅವರಿಗಿಲ್ಲ.

ಪಣಂಬೂರಿನ ಪೆಲೆಟ್ ಕಾರ್ಖಾನೆಯು ಬೇರೆಡೆಯ ಗಣಿಗಳಿಂದ ಕೊಂಡ ಅದಿರನ್ನು ಬಳಸಿ ಮುಂದುವರಿಯಿತು. ಕಂಪನಿಗೆ ಸ್ವಂತ ಗಣಿ ಬೇಕೆಂಬ ಕಾರಣಕ್ಕೆ ಸಂಡೂರಿನ ದೇವದಾರಿ ಬೆಟ್ಟಸಾಲನ್ನು ಮೀಸಲಿರಿಸಲಾಯಿತು. ಅಲ್ಲಿಯೂ ಅರಣ್ಯದ ಪ್ರಶ್ನೆ ಎದ್ದಿತು. ಕುದುರೆಮುಖದಲ್ಲಿ ಆದ ಹಾನಿಗೆ ಸಂಬಂಧಿಸಿದ ಬಾಕಿಯನ್ನು ಕಂಪನಿ ಪಾವತಿಸುವವರೆಗೆ ದೇವದಾರಿಯ ಅರಣ್ಯ ಭೂಮಿಯನ್ನು ಹಸ್ತಾಂತರಿಸಬಾರದೆಂಬ ನಿಲುವನ್ನು 2024ರಲ್ಲಿ ರಾಜ್ಯದ ಅರಣ್ಯ ಸಚಿವರು ತಳೆದರು. ಗಣಿ ಮುಚ್ಚಿ ಸುಮಾರು ಎರಡು ದಶಕ ಕಳೆದರೂ ಲೆಕ್ಕ ಮುಗಿದಿರಲಿಲ್ಲ.

ಕಾಡಿನೊಳಗಿನ ಜನ

ಉದ್ಯಾನದ ಗಡಿಯೊಳಗೆ ಮಲೆಕುಡಿಯರು, ಗೌಡಲು ಮುಂತಾದ ಸಮುದಾಯಗಳ ಹಾಗೂ ಸಣ್ಣ ಕೃಷಿಕರ ಕುಟುಂಬಗಳು ಗಣಿಗೂ ಉದ್ಯಾನಕ್ಕೂ ಮೊದಲಿನಿಂದ ನೆಲೆಸಿವೆ. ಗಣಿ ಇದ್ದಾಗ ಅವರಲ್ಲಿ ಹಲವರಿಗೆ ಕೂಲಿ ಸಿಗುತ್ತಿತ್ತು. ಉದ್ಯಾನದ ಕಟ್ಟುಪಾಡುಗಳಿಂದ ರಸ್ತೆ, ವಿದ್ಯುತ್, ಸೇತುವೆಗಳಂತಹ ಸೌಕರ್ಯಗಳು ತಡವಾದವು, ಇಲ್ಲವೇ ಬರಲಿಲ್ಲ. ಪರಿಹಾರ ಪಡೆದು ಹೊರಗೆ ಹೋದ ಕುಟುಂಬಗಳಿವೆ. ಹೋಗಲು ಒಪ್ಪದವರೂ ಇದ್ದಾರೆ. ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸುವ ಪ್ರಸ್ತಾಪಕ್ಕೆ ಸ್ಥಳೀಯರ ತೀವ್ರ ವಿರೋಧ ವ್ಯಕ್ತವಾಯಿತು.

ಒಕ್ಕಲೆಬ್ಬಿಸುವ ಭಯ ಹರಡಿದ್ದ ದಿನಗಳಲ್ಲಿಯೇ ಈ ಕಾಡುಗಳಲ್ಲಿ ನಕ್ಸಲ್ ಚಟುವಟಿಕೆ ಬೇರೂರಿತು. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದು ಗ್ರಾಮದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಯುವತಿಯರು ಬಲಿಯಾದರು. ಅನಂತರದ ವರ್ಷಗಳಲ್ಲಿ ಎರಡೂ ಕಡೆ ಸಾವುಗಳಾದವು. 2025ರ ಜನವರಿಯಲ್ಲಿ ಆರು ಮಂದಿ ಬೆಂಗಳೂರಿನಲ್ಲಿ ಸರ್ಕಾರದೆದುರು ಶರಣಾದರು.

2012ರಲ್ಲಿ ಯುನೆಸ್ಕೊ ಸಂಸ್ಥೆಯು ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕುದುರೆಮುಖ ರಾಷ್ಟ್ರೀಯ ಉದ್ಯಾನ ಅವುಗಳಲ್ಲಿ ಒಂದು.

ಪ್ರಯಾಣಿಕರಿಗೆ ಮಾಹಿತಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮತ್ತು ಮಂಜು ವಿಪರೀತ. ಮರ ಬಿದ್ದು ಅಥವಾ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು. ಅಕ್ಟೋಬರ್‌ನಿಂದ ಜನವರಿಯವರೆಗೆ ಹುಲ್ಲುಗಾವಲು ಹಸಿರಾಗಿದ್ದು ಆಕಾಶ ತಿಳಿಯಾಗಿರುತ್ತದೆ. ಮಾರ್ಚ್ ವೇಳೆಗೆ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯವಿರುತ್ತದೆ. ಚೆಕ್‌ಪೋಸ್ಟ್‌ಗಳಲ್ಲಿ ವಾಹನದ ವಿವರ ಮತ್ತು ಪ್ರವೇಶದ ಸಮಯವನ್ನು ಬರೆದುಕೊಳ್ಳಲಾಗುತ್ತದೆ. ನಡುವೆ ವಾಹನ ನಿಲ್ಲಿಸಿ ಅಡುಗೆ ಮಾಡುವುದು, ಮದ್ಯ ಸೇವಿಸುವುದು, ಪ್ಲಾಸ್ಟಿಕ್ ಎಸೆಯುವುದು ನಿಷಿದ್ಧ. ಶಿಖರದ ಚಾರಣವು ಸಂಸೆಯ ಬಳಿಯ ಮುಳ್ಳೋಡಿಯಿಂದ ಆರಂಭವಾಗುತ್ತದೆ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ. ಗಂಗಾಮೂಲಕ್ಕೂ ಹಳೆಯ ಗಣಿ ಪ್ರದೇಶಕ್ಕೂ ಸಾರ್ವಜನಿಕರಿಗೆ ಮುಕ್ತ ಪ್ರವೇಶವಿಲ್ಲ. ಕಾಡಿನ ಭಾಗದಲ್ಲಿ ಪೆಟ್ರೋಲ್ ಬಂಕ್ ಇಲ್ಲದಿರುವುದರಿಂದ ಕಾರ್ಕಳ, ಶೃಂಗೇರಿ ಅಥವಾ ಕಳಸದಲ್ಲಿ ಇಂಧನ ತುಂಬಿಸಿಕೊಂಡು ಹೊರಡಬೇಕು. ದಾರಿಯ ಬಹುಭಾಗದಲ್ಲಿ ಮೊಬೈಲ್ ಸಂಪರ್ಕ ಸಿಗುವುದಿಲ್ಲ.